ಟ್ಯೂಬ್‌ಲೈಟಿಗೆ ಮುತ್ತುವ ಕಂದು ಪತಂಗ: ಹತ್ತಿಯದೋ, ಜೋಳದ್ದೋ?

ಪ್ರಶ್ನೆ: ಸಂಕ್ರಾಂತಿ ಆದಮ್ಯಾಲ ಬಿಡಿಸಿದ ಕಡೀ ಹತ್ತಿ, ಸುಮಾರು ಎಂಟು ಕ್ವಿಂಟಲ್, ದರ ಏರಲಿ ಅಂತ ನಮ್ಮ ಮಾವನವರು ಪಡಸಾಲ್ಯಾಗ ಹಾಕ್ಯಾರ. ಮಾರ್ಚ್ ಹಿಡಿದಾಗಿಂದ ಸಂಜೀಕ ಲೈಟ್ ಹಚ್ಚಿದ ಕೂಡ್ಲೆ ಸಣ್ಣ ಸಣ್ಣ ಕಂದು ಪಾತರಗಿತ್ತಿ ಹಾರಾಡ್ತಾವ. ಬಾಜೂ ಖೋಲ್ಯಾಗ ಜೋಳದ ಚೀಲ ಅದಾವ, ಅಲ್ಲೂ ಅಂಥವೇ. ಬ್ಯಾಡಗಿ ಮೆಣಸಿನಕಾಯಿ ಎರಡು ಚೀಲ ಅಲ್ಲೇ ಐತಿ. ಹತ್ತಿ ಹುಳಾನ ಜೋಳಕ್ಕ ದಾಟೈತಿ, ಬಿಟಿ ತಿಂದು ಅದರ ಜಾತೀನ ಬದಲಾಗೈತಿ ಅಂತ ಊರಾಗ ಅಂತಾರ. ಸಣ್ಣ ಹುಡುಗರಿಗೆ ಮೈ ಕೆರತ ಸುರು ಆಗೈತಿ. ಖೋಲಿ ಮುಚ್ಚಿ ಗುಳಿಗಿ ಇಡಬೇಕಂತ ಮನ್ಯಾಗ ಮಾತು ನಡದೈತಿ. ಮೂರು ಫೋಟೋ ಕಳಸೇನಿ. ಇದು ಯಾವ ಹುಳ, ಯಾವ ಜಾತಿ, ಏನು ಮಾಡಬೇಕು ತಿಳಿಸ್ರಿ. (ಹಾವೇರಿ ತಾಲೂಕಿನ ಓದುಗರೊಬ್ಬರು)

ಉತ್ತರ: ಮೊದಲು ಗುಳಿಗೆಯ ಮಾತು, ಏಕೆಂದರೆ ಅದು ಕಾಯುವಂಥದ್ದಲ್ಲ. ಇಡಬೇಡಿ. ಕಾಳಿನ ಹುಳ ಕೊಲ್ಲಲು ಇಡುವ ಅಲ್ಯೂಮಿನಿಯಂ ಫಾಸ್ಫೈಡಿನ 3 ಗ್ರಾಮಿನ ಒಂದು ಗುಳಿಗೆ ಗಾಳಿಯ ತೇವ ತಾಗಿದೊಡನೆ ಸುಮಾರು 1 ಗ್ರಾಂ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಆ ಅನಿಲ ಬಾಗಿಲ ಸಂದಿ, ಹಂಚಿನ ಸಂದಿ, ಗೋಡೆಯ ಬಿರುಕು ಯಾವುದರಲ್ಲಾದರೂ ನುಸುಳಿ ಪಕ್ಕದ ಖೋಲಿಗೆ ಬರುತ್ತದೆ. ಅದಕ್ಕೆ ಪ್ರತಿವಿಷ ಇಲ್ಲ. ತರಬೇತಿ ಪಡೆದು ಪರವಾನಗಿ ಇರುವವರು, ಜನ ಮಲಗದ ಗೋದಾಮಿನಲ್ಲಿ, ಗಾಳಿಯಾಡದ ಹೊದಿಕೆ ಹಾಕಿ ಬಳಸುವ ವಸ್ತು ಅದು. ಮಕ್ಕಳಿರುವ ಮನೆಯ ಪಡಸಾಲೆಗೆ ಬರಲೇಬಾರದು.

ಇನ್ನು ಹುಳದ ಮಾತು. ನಿಮ್ಮ ಪ್ರಶ್ನೆಯಲ್ಲಿ ಎರಡು ಚಿಂತೆ ಹೆಣೆದುಕೊಂಡಿವೆ. ಹತ್ತಿಯ ಹುಳ ಜೋಳಕ್ಕೆ ದಾಟಿತೇ ಎಂಬುದು ಮನೆಯ ಚಿಂತೆ. ಇದೇ ಹುಳ ಮುಂಗಾರಿಗೆ ಹೊಲ ಸೇರುತ್ತದೆಯೇ ಎಂಬುದು ಹೊಲದ ಚಿಂತೆ. ಮೊದಲನೆಯದಕ್ಕೆ ಉತ್ತರ: ದಾಟಿಲ್ಲ, ದಾಟುವುದೂ ಇಲ್ಲ. ಎರಡನೆಯದಕ್ಕೆ: ಸೇರಬಲ್ಲದು, ಆದರೆ ಈಗ ದೀಪದ ಸುತ್ತ ಹಾರುತ್ತಿರುವವು ಅಲ್ಲ. ಇನ್ನೂ ಹತ್ತಿಕಾಳಿನೊಳಗೆ ಸದ್ದಿಲ್ಲದೆ ಮಲಗಿರುವವು.

ನಿಮ್ಮ ಮೊದಲ ಎರಡು ಫೋಟೋದಲ್ಲಿರುವುದು ಹತ್ತಿಯ ಗುಲಾಬಿ ಕಾಯಿಕೊರಕದ ಪತಂಗದ ಹಾಗೆ ಕಾಣುತ್ತದೆ. ಶಾಸ್ತ್ರೀಯ ಹೆಸರು ಪೆಕ್ಟಿನೊಫೊರಾ ಗಾಸಿಪಿಯೆಲ್ಲಾ. ಮೂರನೆಯದು ಜೋಳದ ಕಾಳಿನೊಳಗೆ ಬೆಳೆಯುವ ಪತಂಗ, ಸಿಟೊಟ್ರೊಗಾ ಸಿರಿಯಲೆಲ್ಲಾ. "ಹಾಗೆ ಕಾಣುತ್ತದೆ" ಎಂದೇ ಬರೆಯುತ್ತಿದ್ದೇನೆ, ಏಕೆಂದರೆ ಗೋಡೆಯ ಮೇಲೆ ಕೂತ ಪತಂಗದ ಫೋಟೋದಲ್ಲಿ ಹಿಂದಿನ ರೆಕ್ಕೆ ಮುಚ್ಚಿಹೋಗಿರುತ್ತದೆ, ಗುರುತು ಸಿಗುವುದು ಅಲ್ಲೇ. ಬಣ್ಣ ನೋಡಿ ಹೆಸರು ಹೇಳುವುದೇ ಈ ಸಣ್ಣ ಪತಂಗಗಳ ವಿಷಯದಲ್ಲಿ ಆಗುವ ದೊಡ್ಡ ತಪ್ಪು. ರೆಕ್ಕೆಯ ಬಣ್ಣವೆಲ್ಲ ಮೇಲಿನ ಪುಡಿಯಂಥ ಹುರುಪೆಯದು. ನಾಲ್ಕು ದಿನ ಚೀಲಕ್ಕೆ ತಿಕ್ಕಾಡಿದ ಪತಂಗದಲ್ಲಿ ಅರ್ಧ ಹುರುಪೆ ಉದುರಿ, ಕಂದು ಇದ್ದದ್ದು ಹುಲ್ಲುಬಣ್ಣವಾಗುತ್ತದೆ, ಹುಲ್ಲುಬಣ್ಣದ್ದು ಬೂದಿಯಾಗುತ್ತದೆ.

ಮನೆಯಲ್ಲೇ ಖಚಿತ ಮಾಡಿಕೊಳ್ಳಬಹುದು. ಬೆರಳಿನಿಂದ ಹಿಡಿಯಬೇಡಿ. ಗೋಡೆಯ ಮೇಲೆ ಕೂತಾಗ ಸಣ್ಣ ಪ್ಲಾಸ್ಟಿಕ್ ಡಬ್ಬಿ ಕವುಚಿ, ಅಡಿಯಲ್ಲಿ ಪೋಸ್ಟ್‌ಕಾರ್ಡಿನಂಥ ಗಟ್ಟಿ ಕಾಗದ ಸರಿಸಿ, ಮುಚ್ಚಳ ಹಾಕಿ ಫ್ರಿಜ್ಜಿನ ಬರ್ಫದ ಖಾನೆಯಲ್ಲಿ ಒಂದು ತಾಸು ಇಡಿ. ಪಡಸಾಲೆಯವು ಐದು, ಜೋಳದ ಖೋಲಿಯವು ಐದು, ಬೇರೆ ಬೇರೆ ಡಬ್ಬಿಯಲ್ಲಿ. ಆಮೇಲೆ ಬಿಳಿ ಕಾಗದದ ಮೇಲೆ ಸುರುವಿ, ಪಕ್ಕದಲ್ಲಿ ಶಾಲೆಯ ಮಕ್ಕಳ ಪಟ್ಟಿ ಇಟ್ಟು, ಒಳ್ಳೆ ಬೆಳಕಿನಲ್ಲಿ ನೋಡಿ. ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ ಬೇಕು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದು ಸಾಕು. ಹೊಲಿಗೆ ಸೂಜಿಯ ತುದಿಯಿಂದ ಮುಂದಿನ ರೆಕ್ಕೆಯನ್ನು ಮೆಲ್ಲಗೆ ಮುಂದಕ್ಕೆ ಸರಿಸಿದರೆ ಹಿಂದಿನ ರೆಕ್ಕೆ ಬಿಚ್ಚಿಕೊಳ್ಳುತ್ತದೆ. ಪತಂಗ ಸತ್ತು ದಿನವಾಗಿ ಒಣಗಿದ್ದರೆ ಮುರಿಯುತ್ತದೆ, ಆದ್ದರಿಂದ ಹೊರಗೆ ತೆಗೆದ ಹತ್ತು ನಿಮಿಷದೊಳಗೆ ಈ ಕೆಲಸ ಮುಗಿಸಿ.

ಗುಲಾಬಿ ಕಾಯಿಕೊರಕದ ಪತಂಗ ರೆಕ್ಕೆ ಬಿಚ್ಚಿದಾಗ ತುದಿಯಿಂದ ತುದಿಗೆ 15ರಿಂದ 20 ಮಿ.ಮೀ., ರೆಕ್ಕೆ ಮಡಚಿ ಕೂತಾಗ ಉದ್ದ 8-9 ಮಿ.ಮೀ. ಮುಂದಿನ ರೆಕ್ಕೆ ಬೂದುಗಂದು, ಅದರ ಮೇಲೆ ಅಂಚು ಸರಿಯಿಲ್ಲದ ಕಪ್ಪು ಮಚ್ಚೆ, ಪಟ್ಟೆ. ಹಿಂದಿನ ರೆಕ್ಕೆ ಅಗಲವಾಗಿ, ಬೆಳ್ಳಿಬೂದು ಬಣ್ಣದಲ್ಲಿ, ಸುತ್ತ ಉದ್ದ ಕೂದಲಿನ ಅಂಚು ಹೊತ್ತಿರುತ್ತದೆ. ಜೋಳದ ಪತಂಗ ಇದಕ್ಕಿಂತ ಸಣ್ಣದು, ರೆಕ್ಕೆ ಬಿಚ್ಚಿದಾಗ 10ರಿಂದ 16 ಮಿ.ಮೀ. ಒಣ ಕಣಿಕೆಯ ಬಣ್ಣ, ಕೆಲವಕ್ಕೆ ಒಂದೆರಡು ಕಪ್ಪು ಚುಕ್ಕೆ, ಕೆಲವಕ್ಕೆ ಅದೂ ಇಲ್ಲ. ಅದರ ಹಿಂದಿನ ರೆಕ್ಕೆ ನೋಡಿದರೆ ಅನುಮಾನ ಉಳಿಯದು: ಅರ್ಧದವರೆಗೆ ಒಂದೇ ಅಗಲ ಇದ್ದು, ತುದಿಗೆ ಬರುತ್ತಲೇ ಕತ್ತರಿಸಿದಂತೆ ಕಿರಿದಾಗಿ, ಬೆರಳು ಚಾಚಿದ ಹಾಗೆ ಮುಂದಕ್ಕೆ ಬಂದಿರುತ್ತದೆ. ಅಂಚಿನ ಕೂದಲು ರೆಕ್ಕೆಯ ಅಗಲಕ್ಕಿಂತಲೂ ಉದ್ದ.

ಇಷ್ಟು ವ್ಯತ್ಯಾಸ ಇದ್ದರೂ ಎರಡನ್ನೂ ಒಂದೇ ಎಂದು ಊರವರು ಹೇಳುವುದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಇವು ನಿಜಕ್ಕೂ ದಾಯಾದಿಗಳು. ಎರಡೂ ಜೆಲೆಕಿಯಿಡೇ ಎಂಬ ಕುಟುಂಬಕ್ಕೆ ಸೇರಿದವು. ತಲೆಯನ್ನು ಪಕ್ಕದಿಂದ ನೋಡಿ: ಬಾಯಿಯ ಎರಡು ಬದಿಯಿಂದ ಚೂಪಾದ ಎರಡು ಅಂಗ ಮೇಲಕ್ಕೆ ಬಾಗಿ ಹಣೆ ದಾಟಿ ನಿಂತಿರುತ್ತವೆ. ಹಾವೇರಿಯವರಿಗೆ ಹೋರಿಯ ಕೊಂಬು ಎಂದರೆ ಸಾಕು, ಬೇರೆ ವರ್ಣನೆ ಬೇಡ. ಆ ಕೊಂಬು, ಹಿಂದಿನ ರೆಕ್ಕೆಯ ಮುಂದಕ್ಕೆ ಚಾಚಿದ ತುದಿ, ಆ ತುದಿಯ ಕೆಳಗೆ ಒಳಕ್ಕೆ ಬಾಗಿದ ಅಂಚು, ಈ ಮೂರೂ ಕೂಡಿದರೆ ಅದು ಬಹುತೇಕ ಈ ಕುಟುಂಬದ್ದು. ಜಗತ್ತಿನಲ್ಲಿ ಈ ಕುಟುಂಬದ ಸುಮಾರು 4,700 ಜಾತಿಗಳಿಗೆ ಹೆಸರಿಟ್ಟಿದ್ದಾರೆ. ನಮ್ಮ ಭಾಗದ ರೈತರಿಗೆ ಇವು ಹೊಸಬರಲ್ಲ. ಆಲೂಗಡ್ಡೆ ಕೊರೆಯುವ ಪತಂಗ, ಟೊಮೆಟೊ ಎಲೆಯಲ್ಲಿ ಸುರಂಗ ತೋಡುವ ಪತಂಗ, ಶೇಂಗಾ ಎಲೆ ಕೊರೆದು ಮಡಚುವ ಹುಳದ ಪತಂಗ, ಎಲ್ಲವೂ ಇದೇ ಮನೆತನ. ಅದರೊಳಗೂ ಹತ್ತಿಯದು ಮತ್ತು ಜೋಳದ್ದು ಒಂದೇ ಉಪಗುಂಪಿಗೆ ಬರುತ್ತವೆ.

ಎರಡನ್ನೂ ಬೇರೆ ಮಾಡುವ ಇನ್ನೊಂದು ಗುರುತು ಹೆಸರಿನಲ್ಲೇ ಇದೆ. ಪೆಕ್ಟಿನೊಫೊರಾ ಎಂದರೆ ಬಾಚಣಿಗೆ ಹೊತ್ತದ್ದು. ಕುಡಿಮೀಸೆ ತಲೆಗೆ ಅಂಟುವ ಮೊದಲ ಗಿಣ್ಣಿನಲ್ಲಿ ಐದಾರು ಬಿರುಸು ಕೂದಲು ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ಚಾಚಿರುತ್ತವೆ. ಮಸೂರ ಕಣ್ಣಿಗೆ ಹತ್ತಿರ ಹಿಡಿದು, ಬೆಳಕು ಪಕ್ಕದಿಂದ ಬೀಳುವಂತೆ ಮಾಡಿದರೆ ಕಾಣುತ್ತವೆ. ಹಳೆಯ ಪತಂಗದಲ್ಲಿ ಒಂದೆರಡು ಮುರಿದಿರಬಹುದು. ಸಿಟೊಟ್ರೊಗಾ ಎಂಬುದಕ್ಕೆ ಗ್ರೀಕಿನಲ್ಲಿ ಕಾಳು ಕಡಿಯುವುದು ಎಂದರ್ಥ. ಎರಡೂ ಹೆಸರಿನ ಕೊನೆಗೆ ಬರುವ "ಎಲ್ಲಾ" ನಮ್ಮ ಎಲ್ಲಾ ಅಲ್ಲ. ಸಣ್ಣ ಪತಂಗಗಳ ಹೆಸರನ್ನು ಹೀಗೆ ಮುಗಿಸುವ ರೂಢಿ 1758ರಲ್ಲಿ ಲಿನೇಯಸ್ ಹಾಕಿದ್ದು, ಅದು ಇಂದಿಗೂ ನಡೆದುಬಂದಿದೆ.

ಹತ್ತಿಯ ಪತಂಗವನ್ನು ಮೊದಲು ವರ್ಣಿಸಿದ್ದು ಸೌಂಡರ್ಸ್ ಎಂಬ ಇಂಗ್ಲಿಷ್ ಕೀಟತಜ್ಞ, 1840ರ ದಶಕದಲ್ಲಿ, ಭಾರತದ ಹತ್ತಿ ಹೊಲದಿಂದ ಹೋದ ಮಾದರಿ ನೋಡಿ. ಆತ ಅದನ್ನು ಡಿಪ್ರೆಸೇರಿಯಾ ಎಂಬ ಕುಲಕ್ಕೆ ಸೇರಿಸಿದ. ಮುಂದೆ ಅದು ಜೆಲೆಕಿಯಾ ಆಯಿತು, ಪ್ಲಾಟಿಯೆಡ್ರಾ ಆಯಿತು. 1917ರಲ್ಲಿ ಬುಸ್ಕ್ ಎಂಬ ತಜ್ಞ ಈ ಬಾಚಣಿಗೆಯ ಗುರುತು ಹಿಡಿದು ಪೆಕ್ಟಿನೊಫೊರಾ ಎಂಬ ಹೊಸ ಕುಲ ಕಟ್ಟಿದ. ಹಳೆಯ ಕೃಷಿ ಪುಸ್ತಕದಲ್ಲಿ ಪ್ಲಾಟಿಯೆಡ್ರಾ ಎಂದು ಕಂಡರೆ ಅದು ಬೇರೆ ಹುಳ ಅಂದುಕೊಳ್ಳಬೇಡಿ. ಹುಳ ಅದೇ, ಬದಲಾದದ್ದು ಅದರ ಖಾತೆ.

"ಬಿಟಿ ತಿಂದು ಜಾತಿ ಬದಲಾಗೈತಿ" ಎಂಬ ಮಾತಿಗೂ ಇಲ್ಲೇ ಉತ್ತರ. ಹುಳಕ್ಕೆ ವಿಷವಾಗುವ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಬಿಟಿ ಹತ್ತಿಗೆ ಭಾರತದಲ್ಲಿ 2002ರಲ್ಲಿ ಅನುಮತಿ ಸಿಕ್ಕಿತು, ಎರಡು ಬಿಟಿ ಜೀನ್ ಇರುವ ಬೀಜ 2006ರಲ್ಲಿ ಬಂತು. 2010ರ ಹೊತ್ತಿಗೆ ಗುಜರಾತಿನ ಗುಲಾಬಿ ಹುಳದಲ್ಲಿ ಮೊದಲ ಜೀನಿನ ವಿಷಕ್ಕೆ ನಿರೋಧಕ ಶಕ್ತಿ ಕಂಡಿತು, ಆಮೇಲಿನ ವರ್ಷಗಳಲ್ಲಿ ಎರಡನೆಯದಕ್ಕೂ. ಅಂದರೆ ಬಿಟಿ ವಿಷ ಹುಳದ ಕರುಳಿನಲ್ಲಿ ಅಂಟಿಕೊಳ್ಳುವ ಜಾಗ ಕೆಲವು ಹುಳಗಳಲ್ಲಿ ಹುಟ್ಟಿನಿಂದಲೇ ಬೇರೆ ಥರ ಇತ್ತು. ಉಳಿದವು ಸತ್ತವು, ಇವು ಬದುಕಿ ಸಂತಾನ ಬೆಳೆಸಿದವು. ಇದರಿಂದ ಹೊಸ ಜಾತಿ ಹುಟ್ಟಲಿಲ್ಲ. ನಿರೋಧಕ ಶಕ್ತಿ ಇರುವ ಪತಂಗಕ್ಕೂ ಇಲ್ಲದ್ದಕ್ಕೂ ರೆಕ್ಕೆ, ಕೊಂಬು, ಬಾಚಣಿಗೆ ಎಲ್ಲ ಒಂದೇ, ಮಸೂರದಲ್ಲಿ ಭೇದ ಸಿಗದು. ಅದರ ಆಹಾರವೂ ಬದಲಾಗಿಲ್ಲ: ಹತ್ತಿ, ಅದು ಸಿಗದಿದ್ದರೆ ಹತ್ತಿಯ ಬಳಗದ ಬೆಂಡೆ, ಪುಂಡಿ, ದಾಸವಾಳ. ಜೋಳ ಹುಲ್ಲಿನ ಬಳಗ. ಗುಲಾಬಿ ಹುಳದ ಮರಿಯನ್ನು ತಂದು ಜೋಳದ ರಾಶಿಯ ಮೇಲೆ ಬಿಟ್ಟರೂ ಅದು ಅಲ್ಲಿ ಬೆಳೆಯದು.

ಹಾಗಾದರೆ ಜೋಳದ ಪತಂಗ ಎಲ್ಲಿಂದ ಬಂತು? ಹೊಲದಿಂದಲೇ. ತೆನೆ ಒಣಗುತ್ತಿರುವಾಗಲೇ ಅದು ಕಾಳಿನ ಮೇಲೆ ಮೊಟ್ಟೆ ಇಡುತ್ತದೆ. ಕೂದಲಿನಷ್ಟು ತೆಳ್ಳನೆಯ ಮರಿ ಕಾಳು ಕೊರೆದು ಒಳಗೆ ಹೋಗಿ, ಅಲ್ಲೇ ತಿಂದು, ಅಲ್ಲೇ ಕೋಶವಾಗುತ್ತದೆ. ಬೆಚ್ಚಗಿದ್ದರೆ ನಾಲ್ಕೈದು ವಾರಕ್ಕೆ ಒಂದು ತಲೆಮಾರು. ಕೋಶವಾಗುವ ಮೊದಲು ಮರಿಹುಳು ಕಾಳಿನ ಸಿಪ್ಪೆಯನ್ನು ದುಂಡಗೆ ಕೊರೆದು, ಪೂರ್ತಿ ತೆಗೆಯದೆ ಕಿಟಕಿಯ ಬಾಗಿಲಿನಂತೆ ಬಿಟ್ಟಿರುತ್ತದೆ, ಪತಂಗ ಅದನ್ನು ತಳ್ಳಿಕೊಂಡು ಹೊರಬರುತ್ತದೆ. ನೂರು ಕಾಳು ಎಣಿಸಿ ತಟ್ಟೆಗೆ ಹಾಕಿ ನೋಡಿ. ನುಣುಪಾದ ದುಂಡು ತೂತು ಪತಂಗದ್ದು, ಅಂಚು ಹರಿದ ತೂತು ಸೊಂಡಿಲು ಹುಳದ್ದು. ಫ್ರಾನ್ಸಿನ ಅಂಗುಮಾ ಪ್ರಾಂತ್ಯದಲ್ಲಿ 1760ರಲ್ಲಿ ಈ ಪತಂಗ ಗೋಧಿ ಹಾಳುಗೆಡವಿದಾಗ ತಜ್ಞರು ಅಲ್ಲಿಗೆ ತನಿಖೆಗೆ ಹೋಗಿದ್ದರು; ಇಂಗ್ಲಿಷ್‌ನಲ್ಲಿ ಅದಕ್ಕೆ ಆ ಪ್ರಾಂತ್ಯದ ಹೆಸರೇ ನಿಂತಿದೆ. ಒಲಿವಿಯೆ ಎಂಬಾತ ಶಾಸ್ತ್ರೀಯ ಹೆಸರಿಟ್ಟದ್ದು 1789ರಲ್ಲಿ.

ಜೋಳದ ಖೋಲಿಯ ಡಬ್ಬಿಯಲ್ಲಿ ಇನ್ನೊಂದು ಜಾತಿಯೂ ಸಿಗಬಹುದು: ಅಕ್ಕಿ ಪತಂಗ, ಕೊರ್ಸೈರಾ ಸೆಫಲೋನಿಕಾ. ಇದು ದೊಡ್ಡದು, ರೆಕ್ಕೆ ಬಿಚ್ಚಿದಾಗ 15ರಿಂದ 25 ಮಿ.ಮೀ., ಮಚ್ಚೆಯಿಲ್ಲದ ಮಾಸಲು ಬೂದು, ರೆಕ್ಕೆಯ ನರ ಮಾತ್ರ ತುಸು ಕಪ್ಪಾಗಿ ಎದ್ದು ಕಾಣುತ್ತದೆ. ಕೊಂಬು ಮೇಲಕ್ಕೆ ಬಾಗಿರುವುದಿಲ್ಲ. ಹೆಣ್ಣಿನದು ಮೂಗಿನಂತೆ ನೇರ ಮುಂದಕ್ಕೆ ಚಾಚಿದ್ದು, ಗಂಡಿನದು ಕಾಣದಷ್ಟು ಮೋಟು. ಕುಟುಂಬವೇ ಬೇರೆ, ಪೈರಾಲಿಡೇ. ಅದರ ಮರಿ ಕಾಳಿನೊಳಗೆ ಹೋಗದೆ ಹೊರಗಿದ್ದು ನೂಲು ಬಿಟ್ಟು ಕಾಳು, ನುಚ್ಚು, ಹಿಟ್ಟು ಗಂಟುಕಟ್ಟುತ್ತದೆ. ಡಬ್ಬಿಯ ರವೆ ಉಂಡೆಯಾಗಿ ಜೇಡರ ಬಲೆಯಂತೆ ಎಳೆ ಬಂದರೆ ಅದು ಇದರ ಕೆಲಸ. ಅಡುಗೆಮನೆಯ ಈ ಶತ್ರುವಿನ ಮೊಟ್ಟೆಯನ್ನೇ ಕಾರ್ಡಿಗೆ ಅಂಟಿಸಿ ಟ್ರೈಕೊಗ್ರಾಮಾ ಕಣಜ ಸಾಕುತ್ತಾರೆ, ಕಾಯಿಕೊರಕದ ಮೊಟ್ಟೆ ನಾಶಕ್ಕೆ ಹತ್ತಿ ಹೊಲದಲ್ಲಿ ಕಟ್ಟುವ ಟ್ರೈಕೊ ಕಾರ್ಡ್ ಅದೇ.

ಮೆಣಸಿನಕಾಯಿ ಚೀಲದ ವಿಷಯ ಬೇಗ ಮುಗಿಸಬಹುದು. ಅಲ್ಲಿ ಕೆಂಪುಗಂದು ಬಣ್ಣದ, 2-3 ಮಿ.ಮೀ. ಉದ್ದದ, ಬೆನ್ನು ಉಬ್ಬಿದ ಗಟ್ಟಿ ಹುಳ ಕಂಡರೆ ಅದು ಪತಂಗವೇ ಅಲ್ಲ, ತಂಬಾಕಿಗೂ ಬೀಳುವ ಒಂದು ದುಂಬಿ. ಕಾಯಿ ಅಲುಗಾಡಿಸಿದಾಗ ಗಲಗಲ ಸದ್ದು ಬರುವಷ್ಟು ಒಣಗಿಸಿ, ಹುಳ ಬಿದ್ದ ಕಾಯಿ ಆರಿಸಿ ತೆಗೆದು, ಚೀಲವನ್ನು ಹತ್ತಿಯ ಪಕ್ಕದಿಂದ ಎತ್ತಿಡಿ. ಮಾರುವ ಮಾಲಾದರೆ ಬ್ಯಾಡಗಿಯ ಶೀತಲಗೃಹ ಒಳ್ಳೆಯ ದಾರಿ.

ಈಗ ಹತ್ತಿ. ರಾಶಿಯ ಮೇಲ್ಭಾಗ, ನಡು, ತಳದಿಂದ ಒಂದೊಂದು ಬೊಗಸೆ ತೆಗೆದು, ಅರಳೆ ಬಿಡಿಸಿ ನೂರು ಕಾಳು ನೋಡಿ. ಎರಡು ಕಾಳು ಒಂದಕ್ಕೊಂದು ನೂಲಿನಿಂದ ಅಂಟಿ ಜೋಡಿಯಾಗಿದ್ದರೆ ಉಗುರಿನಿಂದ ಬಿಡಿಸಿ. ಒಳಗೆ ಬೆಳ್ಳನೆಯ ಗೂಡಿನಲ್ಲಿ, ಸುರುಳಿ ಸುತ್ತಿಕೊಂಡು, 10-12 ಮಿ.ಮೀ. ಉದ್ದದ ಗುಲಾಬಿ ಹುಳ ಸಿಗುತ್ತದೆ. ಗುಲಾಬಿ ಬಣ್ಣ ಮೈಗೆ ಅಡ್ಡಪಟ್ಟಿಯಾಗಿ ಇರುತ್ತದೆ, ತಲೆ ಕಂದು. ಒಂದು ಎಚ್ಚರ: ಈ ಹುಳ ಹುಟ್ಟಿದ ಮೊದಲ ಎರಡು ಹಂತದಲ್ಲಿ ಬಿಳಿ, ಮೂರನೆಯ ಹಂತದಿಂದ ಬಣ್ಣ ಏರುತ್ತದೆ. ಹಸಿ ಕಾಯಿ ಒಡೆದಾಗ ಬಿಳಿ ಮರಿ ಕಂಡು "ಗುಲಾಬಿ ಹುಳ ಇಲ್ಲ" ಎಂದು ನಿಶ್ಚಿಂತರಾಗಬೇಡಿ. ಇನ್ನೊಂದು: ಒಡೆದು ಕೊಳೆತ ಕಾಯಿಯಲ್ಲಿ ಮೈಯೆಲ್ಲ ಒಂದೇ ಸಮ ಗುಲಾಬಿಯಾದ ಸಣ್ಣ ಮರಿಯೂ ಸಿಗುತ್ತದೆ. ಅದು ಹುಸಿ ಗುಲಾಬಿ ಹುಳ, ಬೇರೆ ಕುಟುಂಬದ್ದು, ಹಾಳಾದದ್ದನ್ನು ತಿಂದು ಬದುಕುವಂಥದ್ದು. ಅದರ ಪತಂಗದ ರೆಕ್ಕೆ ಭರ್ಚಿಯ ಅಲಗಿನಂತೆ ಕಿರಿದು.

ಜೋಡಿಕಾಳಿನೊಳಗೆ ಮಲಗಿದ ಹುಳ ಸತ್ತದ್ದಲ್ಲ. ಹಗಲು ಕಡಿಮೆಯಾಗಿ ಚಳಿ ಬಿದ್ದಾಗ ಕೊನೆಯ ಹಂತದ ಮರಿ ತಿನ್ನುವುದು ಬಿಟ್ಟು ಹೀಗೆ ದೀರ್ಘ ನಿದ್ರೆಗೆ ಹೋಗುತ್ತದೆ. ಡಿಸೆಂಬರ್-ಜನವರಿಯಲ್ಲಿ ಬಿಡಿಸಿದ ಕಡೆಯ ಹತ್ತಿಯಲ್ಲಿ ಇಂಥವು ಹೆಚ್ಚು. ಇವೆಲ್ಲ ಒಂದೇ ದಿನ ಏಳುವುದಿಲ್ಲ. ಕೆಲವು ಬಿಸಿಲು ಏರಿದಂತೆ ಮಾರ್ಚಿನಲ್ಲೇ ಪತಂಗವಾಗುತ್ತವೆ, ನೀವು ನೋಡುತ್ತಿರುವುದು ಅವನ್ನೇ. ಈಗ ಹೊಲದಲ್ಲಿ ಹತ್ತಿಯ ಮೊಗ್ಗಿಲ್ಲ. ಎರಡು-ಮೂರು ವಾರ ಹಾರಿ ಸಾಯುತ್ತವೆ. ಹಿತ್ತಲಲ್ಲಿ ನೀರು ಹಾಯಿಸಿ ಬೆಂಡೆ, ಪುಂಡಿ ಬೆಳೆದಿದ್ದರೆ ಅವುಗಳ ಮೇಲೆ ಮಾತ್ರ ಕಣ್ಣಿಡಿ. ಉಳಿದ ಹುಳ ಮಳೆಯ ತೇವಕ್ಕೆ ಎದ್ದು ಜೂನ್-ಜುಲೈನಲ್ಲಿ ಹೊರಬರುತ್ತವೆ. ಅಷ್ಟೊತ್ತಿಗೆ ಯಾರದೋ ಹೊಲದಲ್ಲಿ ಬೇಗ ಬಿತ್ತಿದ ಹತ್ತಿ ಮೊಗ್ಗು ಬಿಟ್ಟಿರುತ್ತದೆ.

ಹೀಗಿರುವಾಗ ದಾರಿಗಳು ಯಾವುವು? ಮಾವನವರಿಗೆ ಇಷ್ಟವಾಗದಿದ್ದರೂ ಮೊದಲ ದಾರಿ, ಹತ್ತಿ ಈಗಲೇ ಮಾರುವುದು. ಜಿನ್ನಿಂಗ್‌ನಲ್ಲಿ ಅರಳೆಯಿಂದ ಬೇರೆಯಾದ ಕಾಳು ಎಣ್ಣೆ ಗಿರಣಿಗೆ ಹೋಗಿ ಅರೆದರೆ ಒಳಗಿನ ಹುಳ ಮುಗಿಯಿತು. ನಷ್ಟ ಎಂದರೆ ಏರಬಹುದಾಗಿದ್ದ ದರ. ಆದರೆ ಇಟ್ಟ ಹತ್ತಿ ಒಣಗಿ ತೂಕ ಇಳಿಯುವುದನ್ನೂ, ಪತಂಗದ ಪೊರೆ, ಹಿಕ್ಕೆ ಸೇರಿ ಕಸ ಹೆಚ್ಚಾದ ಅರಳೆಗೆ ಖರೀದಿದಾರರು ದರ ಮುರಿಯುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎರಡನೆಯ ದಾರಿ, ಇಡಲೇಬೇಕಾದರೆ ಮನೆಯಿಂದ ಬೇರೆ ಕಡೆ ಇಡುವುದು. ಚೀಲದಲ್ಲಿ ತುಂಬಿ ಬಾಯಿ ಹೊಲಿದು, ಮೇಲೆ ತಾಡಪತ್ರಿ ನೆಲದವರೆಗೆ ಹೊದಿಸಿ ಅಂಚಿಗೆ ಮಣ್ಣು ಅಥವಾ ಉಸುಕಿನ ಚೀಲ ಒತ್ತಬೇಕು. ಖೋಲಿಯ ಒಳಗೆ ಹತ್ತಿಯಿಂದ ದೂರಕ್ಕೆ ಒಂದು ಬಲ್ಬ್, ಅದರ ಕೆಳಗೆ ಅಗಲ ಬುಟ್ಟಿಯಲ್ಲಿ ಸೋಪಿನ ನೀರು, ಸಂಜೆ ಏಳರಿಂದ ಹತ್ತರವರೆಗೆ. ಸೀಮೆಎಣ್ಣೆ ದೀಪ, ಮೇಣದಬತ್ತಿ ಬೇಡ, ಅರಳೆ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ಹೆಣ್ಣು ಪತಂಗದ ವಾಸನೆ ತೋರಿಸಿ ಸೆಳೆಯುವ ಮೋಹಕ ಬಲೆಯನ್ನೂ ತೂಗು ಹಾಕಬಹುದು, ಆದರೆ ಅದಕ್ಕೆ ಬೀಳುವುದು ಗಂಡು ಮಾತ್ರ. ಎಷ್ಟೇ ಕಾಪಾಡಿದರೂ ಮೇ ಕೊನೆಯೊಳಗೆ ಈ ಹತ್ತಿ ಊರು ಬಿಟ್ಟಿರಬೇಕು.

ಹತ್ತಿಯ ರಾಶಿಗೆ ಕೀಟನಾಶಕ ಹೊಡೆಯುವುದನ್ನು ನಾನು ಒಪ್ಪುವುದಿಲ್ಲ. ಗೂಡಿನೊಳಗಿನ ಹುಳಕ್ಕೆ ಅದು ತಾಗುವುದೇ ಇಲ್ಲ. ಕಾಳಿಗೆ ತಾಗಿದ್ದು ಎಣ್ಣೆ, ಹಿಂಡಿಯ ಮೂಲಕ ಎಮ್ಮೆಯ ಗೋದಲಿಗೆ ಬರುತ್ತದೆ. ಎಮ್ಮೆಗೆಂದು ಹತ್ತಿಕಾಳು ಇಟ್ಟುಕೊಳ್ಳುವ ಮನೆಗಳು ಅದನ್ನೂ ಮುಂಗಾರಿಗೆ ಮೊದಲೇ ರುಬ್ಬಿ ಖರ್ಚು ಮಾಡುವುದು ಒಳ್ಳೆಯದು. ರಾಶಿಯನ್ನು ಅಂಗಳದಲ್ಲಿ ತೆಳ್ಳಗೆ ಹರಡಿ ಬಿಸಿಲಿಗೆ ಹಾಕಿದರೆ ಒಂದಷ್ಟು ಹುಳ ಸಾಯುತ್ತವೆ. ಆದರೆ ಜೋಡಿಕಾಳಿನ ಒಳಗೆ ಸಾಯುವಷ್ಟು ಬಿಸಿ ಸಮನಾಗಿ ಏರದು, ಅದನ್ನೊಂದೇ ನಂಬಬೇಡಿ.

ಜೋಳಕ್ಕೆ ಉಪಾಯ ಸುಲಭ. ಪತಂಗ ಮೆತ್ತಗಿನ ಜೀವ, ರಾಶಿಯೊಳಗೆ ಆಳಕ್ಕೆ ನುಗ್ಗಲಾರದು. ಹಾಳಾಗಿರುವುದು ಮೇಲಿನ ಒಂದು ಗೇಣು, ಹೆಚ್ಚೆಂದರೆ ಒಂದಡಿ. ಆ ಭಾಗವನ್ನು ಬೇರೆ ತೆಗೆದು ಕೋಳಿಗೆ ಹಾಕಿ. ಉಳಿದದ್ದನ್ನು ಮೊರದಿಂದ ಕೇರಿ, ಎರಡು-ಮೂರು ದಿನ ಕಡುಬಿಸಿಲಿಗೆ ಹಾಕಿ, ಹಲ್ಲಿಗೆ ಕಟಕ್ಕೆನ್ನುವಷ್ಟು ಒಣಗಿಸಿ, ಆರಿದ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಒಳಚೀಲವಿರುವ ಚೀಲದಲ್ಲಿ ಗಾಳಿ ಹಿಂಡಿ ಬಾಯಿ ಕಟ್ಟಿ. ಬಿಸಿ ಇರುವಾಗಲೇ ಕಟ್ಟಿದರೆ ಒಳಗೆ ಬೆವತು ಬೂಷ್ಟು ಹಿಡಿಯುತ್ತದೆ. ನಡುನಡುವೆ ಬಾಯಿ ಬಿಚ್ಚಿದರೆ ಗಾಳಿ ಸೇರಿ ಮಾಡಿದ್ದೆಲ್ಲ ವ್ಯರ್ಥ, ಆದ್ದರಿಂದ ತಿಂಗಳ ಖರ್ಚಿನಷ್ಟನ್ನು ಬೇರೆ ಡಬ್ಬಿಗೆ ತೆಗೆದಿಟ್ಟೇ ಕಟ್ಟಿ. ನಮ್ಮ ಹಿರಿಯರು ನೆಲದಡಿ ಕಾಳು ತುಂಬಿಡುತ್ತಿದ್ದ ಗುಂಡಿ, ಹಗೇವಿನ ಗುಟ್ಟೂ ಇದೇ. ಮುಚ್ಚಿದ ಹಗೇವಿನಲ್ಲಿ ಕಾಳು, ಹುಳ ಉಸಿರಾಡಿ ಆಮ್ಲಜನಕ ತೀರುತ್ತದೆ, ಹುಳ ಸಾಯುತ್ತದೆ. ಹಗೇವು ತೆಗೆದ ಕೂಡಲೇ ಇಳಿದ ಮನುಷ್ಯನೂ ಸಾಯುವುದು ಅದೇ ಕಾರಣಕ್ಕೆ. ಬೇವಿನ ತಪ್ಪಲು ಹಾಕುವವರು ಹಾಕಲಿ, ಹೊರಗಿನ ಪತಂಗ ತುಸು ಹಿಂಜರಿದೀತು. ಕಾಳಿನೊಳಗಿನ ಮರಿಗೆ ಅದರಿಂದ ಏನೂ ಆಗದು.

ಮಕ್ಕಳ ಕೆರೆತಕ್ಕೆ ಪತಂಗ ಕಾರಣವಲ್ಲ. ಈ ಎರಡೂ ಜಾತಿಗೆ ಕಚ್ಚುವ ಬಾಯಿ ಇಲ್ಲ, ಮುಳ್ಳೂ ಇಲ್ಲ. ಆದರೆ ಇವುಗಳ ಮರಿಯನ್ನು ಹೀರಿ ಬದುಕುವ, ಕಣ್ಣಿಗೆ ಕಾಣದಷ್ಟು ಸಣ್ಣ ಒಂದು ನುಸಿ ಇದೆ, ಪೈಮೋಟಿಸ್ ಎಂದು ಹೆಸರು. ಹುಳ ಬಿದ್ದ ಹತ್ತಿ, ಕಾಳಿನ ರಾಶಿಯಲ್ಲಿ ಅದು ಹೆಚ್ಚಿದಾಗ ಮೇಲೆ ಕೂತವರನ್ನು, ಮಲಗಿದವರನ್ನು ಕಚ್ಚುತ್ತದೆ. ಕಚ್ಚಿದ್ದು ಆಗ ಗೊತ್ತಾಗದು, ಕೆಲವು ತಾಸಿನ ಮೇಲೆ ಹೊಟ್ಟೆ, ಬೆನ್ನು, ಕುತ್ತಿಗೆಯ ಮೇಲೆ ಕೆಂಪು ಗುಳ್ಳೆ ಏಳುತ್ತವೆ. ಮಕ್ಕಳು ಹತ್ತಿ ರಾಶಿಯ ಮೇಲೆ ಹೊರಳಾಡುತ್ತಾರೆಯೇ, ಅದರ ಪಕ್ಕ ಹಾಸಿಗೆ ಹಾಸುತ್ತೀರಾ ನೋಡಿ. ಮಲಗುವ ಜಾಗ ಬದಲಿಸಿ, ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆಯಿರಿ. ಒಂದು ವಾರದಲ್ಲಿ ಇಳಿಯದಿದ್ದರೆ ಅಥವಾ ರಾಶಿಯಿಂದ ದೂರವಿದ್ದವರಿಗೂ ಇದ್ದರೆ ಕಾರಣ ಕಜ್ಜಿಯೂ ಆಗಿರಬಹುದು, ಚರ್ಮದ ವೈದ್ಯರಿಗೆ ತೋರಿಸಿ.

ಕೊನೆಗೆ ಹೊಲ. ಮನೆಯ ಎಂಟು ಕ್ವಿಂಟಲ್ ಹತ್ತಿಗಿಂತ ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಬದುವಿನ ಮೇಲೆ ಒಟ್ಟಿದ ಹತ್ತಿಕಟ್ಟಿಗೆಯ ಬಣವೆ. ಒಲೆಗೆಂದು ಇಟ್ಟ ಆ ಕಟ್ಟಿಗೆಯಲ್ಲಿ ಒಡೆಯದ ಕಾಯಿ ನೂರಾರು ಉಳಿದಿರುತ್ತವೆ, ಒಂದೊಂದರಲ್ಲೂ ಜೋಡಿಕಾಳು. ಕಾಯಿ ಕಿತ್ತು ಸುಟ್ಟು, ಕಟ್ಟಿಗೆಯನ್ನು ಮಳೆಗೆ ಮೊದಲು ಉರಿಸಿ ಮುಗಿಸಿ, ಇಲ್ಲವೇ ಯಂತ್ರದಲ್ಲಿ ಪುಡಿ ಮಾಡಿ ಮಣ್ಣಿಗೆ ಸೇರಿಸಿ. ನೀರಿದೆ ಎಂದು ಹಳೆಯ ಬುಡದಿಂದ ಮತ್ತೆ ಚಿಗುರುವ ಕುಳೆ ಹತ್ತಿ ಬಿಡಬೇಡಿ. ಕುಳೆ ಇದ್ದರೆ ಬೇಸಿಗೆಯಲ್ಲಿ ಎದ್ದ ಪತಂಗಕ್ಕೂ ಊಟ ಸಿಕ್ಕಂತಾಗುತ್ತದೆ.

ಬಿತ್ತಿದ 45 ದಿನಕ್ಕೆ ಎಕರೆಗೆ ಎರಡು ಮೋಹಕ ಬಲೆ, ಬೆಳೆಯ ತುದಿಗಿಂತ ಒಂದಡಿ ಮೇಲೆ. ಒಳಗಿನ ವಾಸನೆಯ ಬಿಲ್ಲೆಯನ್ನು (ಲೂರ್) ಪ್ಯಾಕೆಟ್ ಮೇಲೆ ಹೇಳಿದ ಅವಧಿಗೆ ಬದಲಿಸಿ, ಬರಿಗೈಯಿಂದ ಮುಟ್ಟಬೇಡಿ. ತಂಬಾಕು, ಔಷಧದ ವಾಸನೆ ಅಂಟಿದರೆ ಅದು ಕೆಲಸ ಕೆಡುತ್ತದೆ. ಬಲೆಗೆ ಬಿದ್ದದ್ದನ್ನೆಲ್ಲ ಎಣಿಸದೆ ಮೇಲೆ ಹೇಳಿದ ಗುರುತಿನವನ್ನು ಮಾತ್ರ ಎಣಿಸಿ. ಒಂದು ಬಲೆಗೆ ರಾತ್ರಿಗೆ ಎಂಟರಂತೆ ಸತತ ಮೂರು ರಾತ್ರಿ ಬಿದ್ದರೆ ಔಷಧದ ಹೊತ್ತು ಬಂತು. ದಳಗಳು ನೂಲಿನಿಂದ ಅಂಟಿ ಗುಲಾಬಿಯಂತೆ ಮುದುಡಿದ ಹೂ ಕಂಡಲ್ಲೆಲ್ಲ ಕಿತ್ತು ಚೀಲಕ್ಕೆ ಹಾಕಿ, ಹೊಲದ ಹೊರಗೆ ನಾಶ ಮಾಡಿ. ಕಾಯಿ ಕಟ್ಟಿದ ಮೇಲೆ ವಾರಕ್ಕೊಮ್ಮೆ ಎಕರೆಗೆ ಇಪ್ಪತ್ತು ಹಸಿ ಕಾಯಿ, ಹೊಲದ ಬೇರೆ ಬೇರೆ ಭಾಗದಿಂದ ಕಿತ್ತು ಒಡೆದು ನೋಡಿ. ಎರಡರಲ್ಲಿ ಜೀವಂತ ಹುಳ ಇದ್ದರೂ ಔಷಧದ ಹೊತ್ತು ಬಂತೆಂದೇ ಲೆಕ್ಕ. ಕಾಯಿಯ ಹೊರಗಿನ ತೂತು ಹುಡುಕಿ ಕೂಡಬೇಡಿ. ಮರಿ ಒಳಹೊಕ್ಕ ತೂತು ಕೂಡಿಕೊಂಡುಬಿಡುತ್ತದೆ, ಹೊರಗಿನಿಂದ ಕಾಯಿ ಚೊಕ್ಕವಾಗಿಯೇ ಕಾಣುತ್ತದೆ. ಮೊಟ್ಟೆ ಒಡೆದ ಮರಿ ಬೇಗನೆ ಕಾಯಿಯೊಳಗೆ ಸೇರುವುದರಿಂದ, ಬಲೆಯ ಲೆಕ್ಕ ಬಿಟ್ಟು ಹಾನಿ ಕಂಡ ಮೇಲೆ ಹೊಡೆದ ಔಷಧ ಎಲೆಗಷ್ಟೇ ತಾಗುತ್ತದೆ. ಯಾವ ಔಷಧ, ಎಷ್ಟು ಎಂಬುದನ್ನು ಆ ಹಂಗಾಮಿನ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ನೋಡಿ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಡಬ್ಬಿಯ ಪತಂಗ ನೋಡಿಯೂ ಅನುಮಾನ ಉಳಿದರೆ, ಹೊಸ ಫೋಟೋ ಕಳಿಸುವಾಗ ಮೇಲಿನಿಂದ ಒಂದು, ತಲೆಯ ಪಕ್ಕದಿಂದ ಒಂದು, ಹಿಂದಿನ ರೆಕ್ಕೆ ಬಿಚ್ಚಿದ್ದು ಒಂದು, ಮೂರರಲ್ಲೂ ಪಟ್ಟಿಯ ಗೆರೆ ಕಾಣುವಂತೆ ತೆಗೆಯಿರಿ. ಮೊಬೈಲ್ ಕ್ಯಾಮೆರಾದ ಮುಂದೆ ಅದೇ ಮಸೂರ ಹಿಡಿದರೆ ಬಾಚಣಿಗೆಯೂ ಬರುತ್ತದೆ. ಪತಂಗವನ್ನೇ ಕಳಿಸುವುದಾದರೆ ಕಾಗದದ ತ್ರಿಕೋನ ಪೊಟ್ಟಣದಲ್ಲಿ ಒಣಗಿದ್ದನ್ನು, ಬೆಂಕಿಪೊಟ್ಟಣದೊಳಗೆ, ಯಾವ ಖೋಲಿಯದು, ಯಾವ ತಾರೀಖು ಎಂದು ಪೆನ್ಸಿಲ್‌ನಲ್ಲಿ ಬರೆದು ಕಳಿಸಿ. ಹತ್ತಿ ಸುತ್ತಿ ಮಾತ್ರ ಇಡಬೇಡಿ, ಕಾಲು, ಮೀಸೆ ಎಲ್ಲ ಎಳೆಗೆ ಸಿಕ್ಕಿ ಮುರಿಯುತ್ತವೆ.